ಕವರಿನಲ್ಲಿ ಹಳದಿಯಾದ ಎಲೆ

ಜನವರಿ 12

ಮಾನ್ಯ ಹಸಿರಕ್ಕನವರಿಗೆ ವಂದನೆಗಳು.

ವಾರಪತ್ರಿಕೆ ಕೈಗೆ ಬಂದ ಕೂಡಲೇ ಮೊದಲು ನಿಮ್ಮ ಅಂಕಣ ಓದುವವಳು ನಾನು. ಬಟ್ಟೆ ಹೊಲಿಯುವುದು ನನ್ನ ಕಸುಬು. ಬೀದಿಯಲ್ಲಿ ಎಲ್ಲರಿಗೂ ನಾನು ಟೈಲರಮ್ಮ. ಅಂಗಡಿಯ ತಾರಸಿ ಮೇಲೆ ಡ್ರಮ್ಮಿನಲ್ಲಿ ಒಂದು ನಿಂಬೆಗಿಡ ಇದೆ ಅಂತ ನವೆಂಬರಿನಲ್ಲಿ ನಿಮಗೆ ಬರೆದಿದ್ದೆ. ಅಂಗಡಿ ತೆರೆದ ವರ್ಷ ಬೀಜ ಊರಿ ಬೆಳೆಸಿದ್ದು. ಏಳು ವರ್ಷ ಒಂದು ಹೂ ಬಿಡಲಿಲ್ಲ. ಎದುರಿನ ಇಸ್ತ್ರಿ ಅಂಗಡಿಯವರು "ಟೈಲರಮ್ಮಾ, ಮಾರ್ಕೆಟ್ಟಿಂದ ನಾಲ್ಕು ಹಣ್ಣು ತಂದು ದಾರದಲ್ಲಿ ಕಟ್ಟಿಬಿಡಲಾ?" ಅಂತ ದಿನಾ ಕಾಲೆಳೆಯುತ್ತಿದ್ದರು. ಎಂಟನೇ ವರ್ಷ ಹೂ ಬಂತು. ಬಂದ ಹೂವೆಲ್ಲ ಕಾಯಿ ಕಟ್ಟದೆ ಉದುರಿತು. ಯಾಕೆ ಅಂತ ಕೇಳಿದ್ದೆ. ನಿಮ್ಮ ಅಂಕಣದ ಕೆಳಗೆ "ಪ್ರಶ್ನೆಯ ಜೊತೆ ಒಂದು ಎಲೆ ಇಡಿ" ಅಂತ ಇರುತ್ತದಲ್ಲ, ಹಾಗೆ ಒಂದು ಒಳ್ಳೇ ಎಲೆ ಆರಿಸಿ ಕವರಿನಲ್ಲಿ ಇಟ್ಟಿದ್ದೆ.

ಡಿಸೆಂಬರ್ ಮೊದಲ ವಾರ ನಿಮ್ಮ ಉತ್ತರ ಅಚ್ಚಾಯಿತು. ಅದನ್ನು ಕತ್ತರಿಸಿ ಅಳತೆ ಬರೆಯುವ ಹಲಗೆಯ ಪಕ್ಕ ಅಂಟಿಸಿಕೊಂಡೆ. "ಎಲೆ ಹಳದಿಯಾಗಿದೆ, ಗಿಡ ಹಸಿದಿದೆ. ವಾರಕ್ಕೆ ಎರಡು ಚಮಚ ಯೂರಿಯಾ ಕೊಡಿ. ಬೆಳಿಗ್ಗೆ, ಸಂಜೆ ಧಾರಾಳವಾಗಿ ನೀರು ಹಾಕಿ." ಒಂದು ಹೊತ್ತೂ ತಪ್ಪಿಸಲಿಲ್ಲ. ಜ್ವರ ಬಂದ ದಿನವೂ ಬಕೆಟ್ ಹಿಡಿದು ಮೆಟ್ಟಿಲು ಹತ್ತಿದ್ದೇನೆ. ಮೂರನೇ ವಾರ ಎಲೆಯ ಅಂಚು ಇಸ್ತ್ರಿ ತಾಗಿದ ಹಾಗೆ ಕಂದಾಯಿತು. ಐದನೇ ವಾರಕ್ಕೆ ಎಲ್ಲ ಉದುರಿ ಬರೀ ಕಡ್ಡಿ ಉಳಿದಿದೆ.

ನನ್ನಿಂದಲೇ ಏನೋ ತಪ್ಪಾಗಿರಬೇಕು. ಚಮಚ ದೊಡ್ಡದಾಯಿತೋ ಏನೋ. ಅಳತೆ ತಪ್ಪಿದೆ ಅಂತ ಹೇಳಿಕೊಳ್ಳುವುದಕ್ಕೆ ನನ್ನ ಕಸುಬಿನವಳಿಗೆ ನಾಚಿಕೆ. ಆದರೂ ಕೇಳಲೇಬೇಕು. ನನ್ನ ಚಮಚವನ್ನು ಕಾಗದದ ಮೇಲಿಟ್ಟು ಗೆರೆ ಎಳೆದು ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ಅಳತೆ ಸರಿಯಿದೆಯಾ ನೋಡಿ ಹೇಳಿ. ಗಿಡ ಉಳಿಯುವ ದಾರಿ ಏನಾದರೂ ಇದ್ದರೆ ಅದನ್ನೂ ಹೇಳಿ.

ಇಂತಿ ನಿಮ್ಮ ಓದುಗಿ,
ಟೈಲರಮ್ಮ


ಜನವರಿ 17

ಪ್ರೀತಿಯ ಸಣ್ಣು,

ಬಾಗಿಲಿಗೆ ತಲೆ ತಾಗುವಂಥ ಆಳಿಗೆ ನಿಮ್ಮಮ್ಮ ಸಣ್ಣು ಅಂತ ಯಾಕೆ ಕರೆದರೋ. ಬರೆಯುವಾಗ ಈಗಲೂ ನಗು ಬರುತ್ತದೆ.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮಣ್ಣ ಹಾಗೇ ಇದ್ದಾರೆ. ಲೋಟದ ತಳದಲ್ಲಿ ಉಳಿದ ಚಹಾವನ್ನು ಈಗಲೂ ಗುಲಾಬಿ ಕುಂಡಕ್ಕೇ ಸುರಿಯುತ್ತಾರೆ. ಬೇಡ ಅಂದರೆ "ಅದಕ್ಕೂ ಒಂಚೂರು ಚುರುಕು ಬರಲಿ ಬಿಡೇ" ಅನ್ನುತ್ತಾರೆ. ಮೊಣಕಾಲು ನೋವು ಒಂದು ಬಿಟ್ಟರೆ ನನಗೂ ಹೇಳಿಕೊಳ್ಳುವಂಥದ್ದೇನಿಲ್ಲ. ಆಸ್ಪತ್ರೆಯ ತೋಟದಲ್ಲಿ ನಿನಗೆ ಕೆಲಸ ಹೇಗಿದೆ? ಕ್ವಾರ್ಟರ್ಸ್ ಕೊಟ್ಟಿದ್ದಾರೆ ಅಂತ ಯಾರೋ ಹೇಳಿದರು. ಸಂತೋಷ. ಕೆಲಸದ ಗಡಿಬಿಡಿಯಲ್ಲಿ ನಿನಗೆ ಈ ಕಡೆ ಬರಲು ಪುರುಸೊತ್ತಾಗಿರಲಿಕ್ಕಿಲ್ಲ. ನೋಡನೋಡುತ್ತ ನಾಲ್ಕು ವರ್ಷವಾಗಿಹೋಯಿತು.

ಒಂದು ಸಣ್ಣ ವಿಷಯ ಕೇಳಬೇಕಿತ್ತು. ಒಬ್ಬರು ಓದುಗರ ಮನೆಯಲ್ಲಿ ಡ್ರಮ್ಮಿನ ನಿಂಬೆಗಿಡ, ಎಂಟು ವರ್ಷದ್ದು, ಎಲೆಯೆಲ್ಲ ಉದುರಿಸಿಕೊಂಡು ನಿಂತಿದೆಯಂತೆ. ಗೊಬ್ಬರ ಸ್ವಲ್ಪ ಹೆಚ್ಚಾಗಿರಬಹುದು. ಏನು ಮಾಡಬಹುದು ಅಂತ ಬಿಡುವಾದಾಗ ನಾಲ್ಕು ಸಾಲು ಬರಿ. ಫೋನ್ ಮಾಡೋಣವೆಂದರೆ ನೀನು ಎತ್ತುವುದಿಲ್ಲ, ಅದಕ್ಕೇ ಕಾಗದ. ಅವಸರವೇನಿಲ್ಲ.

ಆಶೀರ್ವಾದಗಳೊಂದಿಗೆ,
ಅತ್ತಿಗೆ


ಜನವರಿ 29

ಸಣ್ಣು,

ಅವಸರವೇನಿಲ್ಲ ಅಂತ ಬರೆದದ್ದು ಸುಳ್ಳು. ಅವಸರ ಇದೆ.

ಗೊಬ್ಬರ ತಾನಾಗಿ ಹೆಚ್ಚಾದದ್ದಲ್ಲ. ಹಾಕಿ ಅಂತ ಹೇಳಿದವಳು ನಾನು. ಎರಡು ಚಮಚ ಅಂತ ಅಚ್ಚಿನಲ್ಲಿ ಬರೆದವಳು ನಾನು. ಆ ಹೆಂಗಸು ನನ್ನ ಮಾತನ್ನು ನಂಬಿ ಗಿಡವನ್ನು ಕೈಯಾರೆ ಹಾಳುಮಾಡಿಕೊಂಡು, ತನ್ನದೇ ತಪ್ಪು ಅಂತ ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದಾಳೆ. ಬೈದಿದ್ದರೆ ಒಂದು ಲೋಟ ನೀರು ಕುಡಿದು ಸುಮ್ಮನಾಗುತ್ತಿದ್ದೆ. ಅವಳ ಕಾಗದ ಮೇಜಿನ ಮೇಲಿದೆ. ಅದರ ಮೇಲೆ ಪುಸ್ತಕ ಇಡುತ್ತೇನೆ, ಸ್ವಲ್ಪ ಹೊತ್ತಿಗೆ ನಾನೇ ತೆಗೆದು ಮತ್ತೆ ಓದುತ್ತೇನೆ. ಅವಳಿಗೆ ಇನ್ನೂ ಒಂದಕ್ಷರ ಉತ್ತರ ಬರೆದಿಲ್ಲ. ಏನಂತ ಬರೆಯಲಿ? ನನಗೆ ಗೊತ್ತಿದ್ದರಲ್ಲವೆ ಬರೆಯುವುದು.

ನೀನು ಯಾಕೆ ಉತ್ತರ ಬರೆಯುತ್ತಿಲ್ಲ ಅಂತ ನನಗೆ ಗೊತ್ತು. ಆವತ್ತು ನಮ್ಮನೆಗೆ ಪತ್ರಿಕೆಯವರು ಬಂದಿದ್ದಾಗ ಆದದ್ದನ್ನು ನೀನಿನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀ. ಏನೋ ಬಾಯಿ ತಪ್ಪಿ ಬಂದ ಮಾತು, ಸಣ್ಣು. ಆ ಗದ್ದಲದಲ್ಲಿ, ಅಷ್ಟು ಜನರ ನಡುವೆ, ಏನು ಹೇಳುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ದೊಡ್ಡ ಮನಸ್ಸು ಮಾಡಿ ಅದನ್ನು ಹೊಟ್ಟೆಗೆ ಹಾಕಿಕೋ. ನನಗಾಗಿ ಬೇಡ, ಆ ಗಿಡಕ್ಕಾಗಿಯಾದರೂ ಒಂದು ಮಾತು ಬರಿ. ಅವಳ ಕಾಗದದ ಪ್ರತಿ ಇದರ ಜೊತೆಗಿದೆ, ವಿಳಾಸ ಮೇಲೇ ಇದೆ.

ಅತ್ತಿಗೆ


ಫೆಬ್ರವರಿ 3

ಹಸಿರಕ್ಕನವರಿಗೆ,

ಗಿಡದ ವಿಷಯ ಮೊದಲು.

ನೀರು ಇವತ್ತೇ ನಿಲ್ಲಿಸಲು ಹೇಳಿ. ಗೊಬ್ಬರದ ಹೆಸರೇ ಎತ್ತಬಾರದು. ಡ್ರಮ್ಮಿನ ತಳದಲ್ಲಿ ತೂತು ಇದೆಯಾ, ಇದ್ದರೆ ನೀರು ಹೊರಗೆ ಬರುತ್ತಾ, ನೋಡಬೇಕು. ಎಂಟು ವರ್ಷದ ಗಿಡ ಅಂದರೆ ಬೇರೇ ತೂತನ್ನು ಮುಚ್ಚಿರುತ್ತೆ. ಕಬ್ಬಿಣದ ಸರಳು ಹಾಕಿ ಬಿಡಿಸಬೇಕು. ಮಣ್ಣಿಗೆ ಬೆರಳು ಇಳಿಸಿ ಮೂಸಿ ನೋಡಲಿ. ಕೊಳೆತ ವಾಸನೆ ಬಂದರೆ ಬೇರು ಹೋಗುತ್ತಿದೆ ಅಂತ ಅರ್ಥ. ಕಾಂಡವನ್ನು ಉಗುರಿನಲ್ಲಿ ಕೆರೆಯಲಿ. ಒಳಗೆ ಹಸಿರು ಇದ್ದರೆ ಜೀವ ಇದೆ, ಕಂದು ಇದ್ದರೆ ಇಲ್ಲ. ಇಷ್ಟು ನೋಡದೆ ಯಾರೂ ಏನೂ ಹೇಳಲಿಕ್ಕಾಗಲ್ಲ.

ಹೂ ಉದುರಿದ್ದು ಹಸಿವಿಗಲ್ಲ. ಮೊದಲೇ ಬುಡದಲ್ಲಿ ನೀರು ನಿಲ್ಲುತ್ತಿತ್ತು. ಅದರ ಮೇಲೆ ನೀವು ಇನ್ನೂ ನೀರು ಹಾಕಿಸಿದಿರಿ, ಯೂರಿಯಾನೂ ಸುರಿಸಿದಿರಿ.

ಎಲೆ ಹಳದಿ ಅಂತ ಬರೆದಿದ್ದೀರಿ. ಟೈಲರಮ್ಮನವರು ತಮ್ಮ ಕಾಗದದಲ್ಲಿ ಒಳ್ಳೇ ಎಲೆ ಆರಿಸಿ ಇಟ್ಟೆ ಅಂದಿದ್ದಾರೆ. ಕಿತ್ತ ಎಲೆ ಕವರಿನೊಳಗೆ, ಟಪಾಲು ಚೀಲದಲ್ಲಿ, ಆಮೇಲೆ ನಿಮ್ಮ ಕಚೇರಿಯವರ ಮೇಜಿನ ಮೇಲೆ ಆರೇಳು ದಿನ ಇದ್ದರೆ ಹಳದಿಯಾಗದೆ ಇನ್ನೇನಾಗುತ್ತೆ? ಎಲೆ ಇಡಿ ಅಂತ ಹೇಳಿಕೊಟ್ಟವರು ಯಾರು? ನಾನಂತೂ ಅಲ್ಲ.

ಇನ್ನು ಆ ಮಾತು. ಬಾಯಿ ತಪ್ಪಿ ಬರಲಿಲ್ಲ ಅತ್ತಿಗೆ. ನೀವು ಒಂದು ಸಲ ನನ್ನ ಕಾಲು ನೋಡಿದಿರಿ, ಒಂದು ಸಲ ಪತ್ರಿಕೆಯವರ ಜೊತೆ ಬಂದಿದ್ದ ಆ ಅಮ್ಮನವರ ಸೀರೆ ನೋಡಿದಿರಿ, ಆಮೇಲೆ ಹೇಳಿದಿರಿ.

ಇಂತಿ,
ಒಬ್ಬ ಮಾಲಿ


ಫೆಬ್ರವರಿ 12

ಸಣ್ಣು,

ನಿನ್ನ ಕಾಗದ ಬಂದ ದಿನವೇ ನೀನು ಹೇಳಿದ್ದನ್ನೆಲ್ಲ ಟೈಲರಮ್ಮನಿಗೆ ಬರೆದು ಹಾಕಿದೆ. ಆಮೇಲೆ ಹಿತ್ತಲಿಗೆ ಹೋಗಿ, ನಿಂಬೆಯದೇ ಒಂದು ಹಸಿರೆಲೆ ಕಿತ್ತು, ಕವರಿಗೆ ಹಾಕಿ ಅಂಟಿಸಿ ಮೇಜಿನ ಖಾನೆಯಲ್ಲಿಟ್ಟೆ. ಇವತ್ತು ತೆಗೆದೆ. ಅರಿಸಿನ ಹಚ್ಚಿದ ಹಾಗಿದೆ. ನನ್ನ ಎದುರಿಗೇ ಇದ್ದ ಗಿಡ, ನಾನೇ ಕಿತ್ತ ಎಲೆ. ನೆಲ ಬಾಯಿ ಬಿಟ್ಟು ನುಂಗಬಾರದೆ ಅನ್ನಿಸಿತು.

ಎಲೆ ಇಡಿ ಅಂತ ಹೇಳಿಕೊಟ್ಟವರು ಯಾರು ಅಂತ ಕೇಳಿದೆಯಲ್ಲ. ಯಾರೂ ಅಲ್ಲ, ನನ್ನದೇ ಬುದ್ಧಿವಂತಿಕೆ. ನೀನು ಹೋದ ಮೇಲೆ ನನಗೆ ಏನು ಕೇಳಬೇಕು ಅಂತಲೇ ತಿಳಿಯದಾಯಿತು. ಒಂಬತ್ತು ವರ್ಷ ಪ್ರತಿ ಭಾನುವಾರ ನಾನು ಕಾಗದ ಓದುತ್ತಿದ್ದೆ, ನೀನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಟೊಮೆಟೊ ಅಂದರೆ "ಕುಂಡ ಎಷ್ಟು ದೊಡ್ಡದಂತೆ?" ಅನ್ನುತ್ತಿದ್ದೆ. ಮೆಣಸಿನಗಿಡದ ಎಲೆ ಮುರುಟಿದೆ ಅಂದರೆ "ಎಲೆ ಹಿಂದುಗಡೆ ನೋಡಿದ್ದಾರಂತಾ?" ಅನ್ನುತ್ತಿದ್ದೆ. ಗುಲಾಬಿ ಮೊಗ್ಗು ಅರಳುತ್ತಿಲ್ಲ ಅಂದರೆ "ಬಿಸಿಲು ಎಷ್ಟು ಹೊತ್ತಿಗೆ ಬರುತ್ತೆ ಕೇಳಿ ಬರೀರಿ" ಅಂತ ವಾಪಸು ಕಳಿಸುತ್ತಿದ್ದೆ. ನಾನು ಅದನ್ನು ಚಂದದ ವಾಕ್ಯ ಮಾಡಿ ಪತ್ರಿಕೆಗೆ ಕೊಡುತ್ತಿದ್ದೆ. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಭೂಗೋಳ ಪಾಠ ಮಾಡಿದವಳಿಗೆ ಅಷ್ಟು ಬರುತ್ತಿತ್ತು. ಬರೆದು ಬರೆದು ಅದೆಲ್ಲ ನನಗೇ ಗೊತ್ತಿರುವುದು ಅಂತ ನಂಬಿಬಿಟ್ಟಿದ್ದೆ. ನೀನು ಹೋದ ಮೊದಲ ಭಾನುವಾರ ಹದಿನಾಲ್ಕು ಕಾಗದ ಮುಂದಿಟ್ಟುಕೊಂಡು ಕೂತೆ, ಒಂದಕ್ಕೂ ಉತ್ತರ ಹೊಳೆಯಲಿಲ್ಲ. ಒಂದು ಕಾಗದದಲ್ಲಿ ಯಾರೋ ಎಲೆ ಇಟ್ಟಿದ್ದರು, ಅದು ಹಳದಿಯಾಗಿತ್ತು. ಹಳದಿ ಅಂದರೆ ಹಸಿವು ಅಂತ ನೀನು ಯಾವತ್ತೋ ಹೇಳಿದ್ದು ನೆನಪಾಯಿತು. ಅದನ್ನೇ ಹಿಡಿದುಕೊಂಡೆ. ಎಲ್ಲರೂ ಎಲೆ ಕಳಿಸಲಿ ಅಂದೆ. ಎಲ್ಲರ ಎಲೆಯೂ ಹಳದಿಯಾಗಿಯೇ ಬಂತು. ನಾಲ್ಕು ವರ್ಷದಿಂದ ಎಲ್ಲರ ಗಿಡಕ್ಕೂ ಹಸಿವು, ಎಲ್ಲರಿಗೂ ಯೂರಿಯಾ. ಟೈಲರಮ್ಮ ಒಬ್ಬಳು ಕಾಗದ ಬರೆದಳು. ಬರೆಯದವರು ಎಷ್ಟು ಜನರೋ! ಗಿಡ ಒಣಗಿಸಿಕೊಂಡು, ತಮ್ಮ ಕೈಗುಣವೇ ಸರಿಯಿಲ್ಲ ಅಂದುಕೊಂಡು ಕುಂಡ ಮಗುಚಿ ಹಾಕಿದವರು ಎಷ್ಟು ಮನೆಯಲ್ಲಿದ್ದಾರೋ!

ನಮ್ಮ ತೋಟದ ಕಥೆಯನ್ನೂ ಹೇಳಿಬಿಡುತ್ತೇನೆ. ನಿನ್ನ ನಿಂಬೆ, ಹಿತ್ತಲ ಬೇಲಿಯ ಗುಲಾಬಿ, ಇನ್ನೆರಡು ಬಿಟ್ಟರೆ ಉಳಿದದ್ದೆಲ್ಲ ಹೋಯಿತು. ಪತ್ರಿಕೆಗೆ ಫೋಟೋ ತೆಗೆಯುವವರು ಬರುವ ಹಿಂದಿನ ದಿನ ನರ್ಸರಿಯಿಂದ ಹೂಬಿಟ್ಟ ಕುಂಡ ತರಿಸುತ್ತೇನೆ. ಕುಂಡಕ್ಕೆ ಅಂಟಿಸಿದ ಚೀಟಿಯನ್ನು ನಿಮ್ಮಣ್ಣ ಉಗುರಿನಲ್ಲಿ ಕೆರೆದು ತೆಗೆಯುತ್ತಾರೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಈಗ ಆ ದಿನದ ಮಾತು. ನೀನು ಬರೆದದ್ದು ನಿಜ. ನಾನು ನಿನ್ನ ಕಾಲು ನೋಡಿದೆ. ನನ್ನ ಪುಸ್ತಕ ಬಿಡುಗಡೆಯಾಗಿತ್ತು, ಸಂಪಾದಕರು, ಅತಿಥಿಗಳು ಎಲ್ಲ ತೋಟ ನೋಡಲು ಬಂದಿದ್ದರು. ನೀನು ಹಿತ್ತಲಿನಲ್ಲಿ ಕೂತು ಗೊಬ್ಬರ ಕಲಸುತ್ತಿದ್ದೆ, ಮೊಣಕೈವರೆಗೆ ಕಪ್ಪಾಗಿತ್ತು. ಆ ಅಮ್ಮ "ಇವರು ಯಾರು?" ಅಂತ ಕೇಳಿದರು. ನನ್ನ ಮೈದುನ, ಇದೆಲ್ಲ ಅವನದೇ ಕೈ, ಇಷ್ಟೇ ಹೇಳಬೇಕಿತ್ತು. ಹಾಗೆ ಹೇಳಿದ್ದರೆ ಪುಸ್ತಕವೂ ಅವನದೇನಾ ಅಂತ ಅವರು ಕೇಳಿಯಾರು ಅಂತ ಭಯವಾಯಿತು. "ನಮ್ಮ ಮಾಲಿ" ಅಂದೆ. ನೀನು ಎದ್ದು ನಿಂತು ಕೈ ಜೋಡಿಸಿದೆ. ನಿಮ್ಮಣ್ಣ ಪಕ್ಕದಲ್ಲೇ ಇದ್ದರು, ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ನೀನು ಅವರಿಗೆಲ್ಲ ಕುರ್ಚಿ ತಂದು ಹಾಕಿದೆ. ಒಬ್ಬರು "ಇನ್ನೆರಡು ತಗೊಂಡು ಬಾರಪ್ಪ" ಅಂದರು, ಅದನ್ನೂ ತಂದೆ.

ಹೋಗುವಾಗ ಸಲಿಕೆ ತೊಳೆದು ಗೋಡೆಗೆ ಒರಗಿಸಿ ಹೋಗಿದ್ದೆ. ಅದನ್ನು ನೋಡಿದಾಗಲೇ ನೀನು ಇನ್ನು ಬರುವುದಿಲ್ಲ ಅಂತ ನನಗೆ ತಿಳಿದಿತ್ತು.

ಆ ಮಾತು ಎಲ್ಲಿಂದ ಬಂತು ಅಂತ ಯೋಚನೆ ಮಾಡಿದೆ. ಒಂಬತ್ತು ವರ್ಷ ನೀನು ಹಿತ್ತಲ ಬಾಗಿಲ ಮೆಟ್ಟಿಲ ಮೇಲೇ ಕೂತೆ. "ಕಾಲೆಲ್ಲ ಮಣ್ಣು, ಇಲ್ಲೇ ಇರ್ತೀನಿ ಅತ್ತಿಗೆ" ಅನ್ನುತ್ತಿದ್ದೆ. ಇರಲಿ, ಒಳಗೆ ಬಂದು ಕುರ್ಚಿ ಮೇಲೆ ಕೂತ್ಕೋ ಅಂತ ನಾನು ಒಂದು ದಿನವಾದರೂ ಅಂದೆನೆ? ಮೆಟ್ಟಿಲ ಮೇಲೆ ಕೂರಿಸಿಯೇ ಲೋಟ ಕೊಟ್ಟೆ. ಮನಸ್ಸಿನಲ್ಲಿ ನಿನ್ನನ್ನು ಮಾಲಿ ಮಾಡಿ ಯಾವ ಕಾಲವಾಗಿತ್ತೋ, ಆವತ್ತು ಬಾಯಲ್ಲಿ ಹೇಳಿದೆ ಅಷ್ಟೆ. ಪುಸ್ತಕದ ಕೊನೆಯಲ್ಲಿ ಸಂಪಾದಕರಿಗೆ, ನಿಮ್ಮಣ್ಣನಿಗೆ, ಕುಂಡ ಮಾರುವ ಅಂಗಡಿಯವರಿಗೆ ಕೂಡ ಉಪಕಾರ ನೆನೆದಿದ್ದೇನೆ. ನಿನ್ನ ಹೆಸರಿಲ್ಲ. ಮುಖಪುಟದ ಫೋಟೋದಲ್ಲಿ ಬಲಗಡೆ ಒಂದು ಬಕೆಟ್ ಕಾಣುತ್ತದೆ. ಅದನ್ನು ಹಿಡಿದ ಕೈಯನ್ನು ಕತ್ತರಿಸಿದ್ದಾರೆ. ಅಚ್ಚಿಗೆ ಹೋಗುವ ಮುಂಚೆ ನನಗೆ ತೋರಿಸಿಯೇ ಕತ್ತರಿಸಿದ್ದು.

ಕ್ಷಮಿಸು ಅಂತ ಕೇಳಲು ಮುಖವಿಲ್ಲ. ಕೇಳುವುದಿಲ್ಲ. ಟೈಲರಮ್ಮ ಕಳಿಸಿದ ಕಾಗದದ ಚಮಚವನ್ನು ಇದರ ಜೊತೆ ಇಟ್ಟಿದ್ದೇನೆ. ನನ್ನ ಹತ್ತಿರ ಇಟ್ಟುಕೊಳ್ಳಲಾರೆ. ನೀನಾದರೂ ನೋಡು, ಅವಳ ಅಳತೆಯಲ್ಲಿ ಏನೂ ತಪ್ಪಿಲ್ಲ.

ಅತ್ತಿಗೆ


ಫೆಬ್ರವರಿ 23

ಹಸಿರಕ್ಕನವರಿಗೆ ವಂದನೆಗಳು.

ನಿಮ್ಮ ಉಪಕಾರ ಹೇಗೆ ತೀರಿಸಲಿ? ಕಾಗದದಲ್ಲಿ ಇಷ್ಟೆಲ್ಲ ಬರೆದು ತಿಳಿಸಿದ್ದೇ ದೊಡ್ಡದು, ಅದರ ಮೇಲೆ ನಿಮ್ಮ ಮನೆ ಮಾಲಿಯನ್ನೂ ಕಳಿಸಿಕೊಟ್ಟಿರಿ!

ಮೊನ್ನೆ ಭಾನುವಾರ ಬೆಳಿಗ್ಗೆ ಒಬ್ಬರು ಚೀಲ, ಸರಳು, ಸಣ್ಣ ಗರಗಸ ಹಿಡಿದು ಅಂಗಡಿ ಮುಂದೆ ಬಂದು ನಿಂತರು. ಭಾರಿ ಎತ್ತರದ ಆಳು. ರಿಪೇರಿಯವರೇನೋ ಅಂದುಕೊಂಡೆ. "ನಿಂಬೆಗಿಡ ಎಲ್ಲಿದೆ ತಾಯೀ?" ಅಂದರು. "ನೀವು ಯಾರು?" ಅಂದೆ. "ಹಸಿರಕ್ಕನ ಮನೆ ಮಾಲಿ" ಅಂದರು. ಒಳಗೆ ಬಂದವರು ಗೋಡೆ ಮೇಲೆ ಅಂಟಿಸಿದ್ದ ನಿಮ್ಮ ಉತ್ತರದ ಚೂರನ್ನು ನೋಡಿ ಅಲ್ಲೇ ನಿಂತುಬಿಟ್ಟರು. ಓದುತ್ತಿದ್ದಾರೇನೋ ಅಂದುಕೊಂಡೆ.

ತಾರಸಿಯಲ್ಲಿ ಡ್ರಮ್ ಮಗುಚಿ, ಇಡೀ ಗಿಡವನ್ನು ಎಳೇ ಕೂಸನ್ನು ಎತ್ತುವ ಹಾಗೆ ಎತ್ತಿ ಗೋಣಿಯ ಮೇಲೆ ಮಲಗಿಸಿದರು. ತಳದ ತೂತು ಬೇರಿನಿಂದ ಮುಚ್ಚಿಹೋಗಿತ್ತು. ಕೊಳೆತ ಬೇರನ್ನೆಲ್ಲ ಕತ್ತರಿಸಿದರು. ಬಿಳಿ ಬೇರು ಒಂದು ಹಿಡಿಯಷ್ಟು ಉಳಿಯಿತು. "ಕೆಳಗೆ ಇಷ್ಟು ಹೋದ ಮೇಲೆ ಮೇಲೂ ಅಷ್ಟೇ ಹೋಗ್ಬೇಕು ತಾಯೀ, ಇಲ್ದಿದ್ರೆ ಅದು ಸಾಕಲಾರದು" ಅಂತ ಅರ್ಧ ಗಿಡ ಕಡಿದುಹಾಕಿದರು. ನನಗೆ ಕಣ್ಣಲ್ಲಿ ನೀರು ಬಂತು. ಅವರು ನನ್ನ ಕೈ ಹಿಡಿದು ಹೆಬ್ಬೆರಳ ಉಗುರಿನಲ್ಲಿ ಬುಡದ ತೊಗಟೆ ಕೆರೆಸಿದರು. ಒಳಗೆ ಹಸಿರು! ಹೊಸ ಮಣ್ಣು, ಮರಳು ಬೆರೆಸಿ ನೆಟ್ಟು, ನೆರಳಿಗೆ ಸರಿಸಿ, ಬೆರಳು ಇಳಿಸಿ ಒದ್ದೆ ಇದೆಯಾ ನೋಡದೆ ನೀರು ಹಾಕಕೂಡದು ಅಂತ ನನ್ನ ಬಾಯಲ್ಲಿ ಮೂರು ಸಲ ಹೇಳಿಸಿದರು. ಬದುಕಿದರೂ ಹೂ ನೋಡಲು ಇನ್ನು ಮೂರು ವರ್ಷವಾದರೂ ಬೇಕಂತೆ.

ಊಟಕ್ಕೆ ಕರೆದರೆ ಬರಲಿಲ್ಲ. ಹೋಗುವಾಗ "ಅಮ್ಮಾ, ನಿಮ್ಮ ಚಮಚದಲ್ಲಿ ಏನೂ ತಪ್ಪಿಲ್ಲ" ಅಂದರು. ಅಷ್ಟು ಕೇಳಿ ನನಗೆ ಎದೆಭಾರ ಇಳಿಯಿತು.

ಹಸಿರಕ್ಕಾ, ತಪ್ಪು ತಿಳಿಯಬೇಡಿ, ದೊಡ್ಡವರಿಗೆ ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ ನಾನು. ಇಂಥ ಕೆಲಸಗಾರರು ಸಿಗುವುದಿಲ್ಲ. ಚೆನ್ನಾಗಿ ನೋಡಿಕೊಳ್ಳಿ, ಬಿಡಬೇಡಿ.

ಇಂತಿ,
ಟೈಲರಮ್ಮ


ಫೆಬ್ರವರಿ 27

ಟೈಲರಮ್ಮನವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ನನ್ನ ಯಜಮಾನರು ಗಟ್ಟಿಯಾಗಿ ಓದಿದರು. "ನಿಮ್ಮ ಮನೆ ಮಾಲಿ" ಅನ್ನುವಲ್ಲಿಗೆ ನಿಲ್ಲಿಸಿದರು. ಕಾಗದ ಮಡಿಸಿ ನನ್ನ ಕೈಗೆ ಕೊಟ್ಟು, "ಆವತ್ತು ನಾನಾದರೂ ಹೇಳಬೇಕಿತ್ತು ಕಣೇ" ಅಂದು ಹಿತ್ತಲಿಗೆ ಹೋದರು.

ನಾನು ಅವನನ್ನು ನಿಮ್ಮಲ್ಲಿಗೆ ಕಳಿಸಲಿಲ್ಲ. ಅವನಾಗಿ ಬಂದ. ಅವನು ನಮ್ಮ ಮಾಲಿಯಲ್ಲ, ನನ್ನ ಗಂಡನ ಒಡಹುಟ್ಟಿದ ತಮ್ಮ. ನಾನು ನಾಲ್ಕು ವರ್ಷದ ಹಿಂದೆ ಹತ್ತು ಜನರ ಎದುರು ಅವನನ್ನು ಮಾಲಿ ಅಂತ ಕರೆದೆ. ಅವನು ನಿಮಗೆ ಹೇಳಿದ್ದು ನಾನು ಕೊಟ್ಟ ಆ ಹೆಸರನ್ನೇ.

ಮುಂದಿನ ವಾರದ ಅಂಕಣ ಬರೆದಿದ್ದೇನೆ. ನೀವು ನನ್ನ ಮಾತನ್ನು ಗೋಡೆಗೆ ಅಂಟಿಸಿಕೊಂಡವರು, ಆದ್ದರಿಂದ ಇದನ್ನು ಮೊದಲು ಓದುವ ಹಕ್ಕು ನಿಮ್ಮದು.

"ಓದುಗರೆ, ನಿಂಬೆಗಿಡಕ್ಕೆ ವಾರಕ್ಕೆ ಎರಡು ಚಮಚ ಯೂರಿಯಾ ಹಾಕಿ ಅಂತ ಡಿಸೆಂಬರಿನಲ್ಲಿ ಬರೆದದ್ದು ತಪ್ಪು. ಆ ಗಿಡ ಸಾಯುವ ಸ್ಥಿತಿಗೆ ಬಂದದ್ದು ನನ್ನಿಂದ, ಅದನ್ನು ಸಾಕಿದವರಿಂದಲ್ಲ. ಕವರಿನಲ್ಲಿ ಎಲೆ ಕಳಿಸಿ ಅಂದದ್ದೂ ತಪ್ಪು. ದಾರಿಯಲ್ಲಿ ಹಳದಿಯಾದ ಎಲೆ ನೋಡಿ ನಾಲ್ಕು ವರ್ಷ ಎಲ್ಲರ ಗಿಡಕ್ಕೂ ಒಂದೇ ಮದ್ದು ಕೊಟ್ಟಿದ್ದೇನೆ. ನಿಮ್ಮ ಗಿಡ ಒಣಗಿದ್ದರೆ ಅದು ನಿಮ್ಮ ಕೈಗುಣವಲ್ಲ. ಅದಕ್ಕೂ ಮುಂಚಿನ ಒಂಬತ್ತು ವರ್ಷ ಇಲ್ಲಿ ಬಂದ ಸರಿಯಾದ ಉತ್ತರಗಳು ನನ್ನವಲ್ಲ. ಅವು ನನ್ನ ಮೈದುನನವು. ಅವನು ಆಸ್ಪತ್ರೆಯೊಂದರ ತೋಟದಲ್ಲಿ ಕೆಲಸ ಮಾಡುತ್ತಾನೆ. ನನ್ನ ಪುಸ್ತಕದ ಮುಖಪುಟದಲ್ಲಿರುವ ಬಕೆಟ್ ಅವನ ಕೈಯಲ್ಲಿತ್ತು. ಅವನನ್ನು ಮನೆಯ ಮಾಲಿ ಎಂದು ಅತಿಥಿಗಳಿಗೆ ಪರಿಚಯಿಸಿದ ಹೆಂಗಸು ನಾನು. ಹಸಿರಕ್ಕ ಅಂತ ಸಹಿ ಹಾಕುವ ಯೋಗ್ಯತೆ ನನಗಿಲ್ಲ. ಇಲ್ಲಿಗೆ ನಿಲ್ಲಿಸುತ್ತಿದ್ದೇನೆ."

ಸಂಪಾದಕರು ಓದಿ, ಯೂರಿಯಾ ವಿಷಯ ಇರಲಿ, ಮನೆ ವಿಷಯ ಯಾಕೆ ಬೀದಿಗೆ, ಅದನ್ನು ತೆಗೆಯೋಣ ಅಂದರು. ಬೀದಿಯವರೆದುರೇ ಆದ ತಪ್ಪು, ಬೀದಿಯವರೆದುರೇ ಹೇಳಬೇಕು ಅಂದೆ. ಒಂದಕ್ಷರ ತೆಗೆದರೂ ಅಚ್ಚು ಮಾಡಬೇಡಿ ಅಂದಿದ್ದೇನೆ. ಒಪ್ಪಿದ್ದಾರೆ.

ಗೋಡೆಯ ಮೇಲಿನ ಆ ಚೂರನ್ನು ದಯವಿಟ್ಟು ಕಿತ್ತುಹಾಕಿ.

ಇಂತಿ,
ಆ ಅಂಕಣ ಬರೆಯುತ್ತಿದ್ದವಳು


ಮಾರ್ಚ್ 19

ಅತ್ತಿಗೆ,

ಪತ್ರಿಕೆ ನೋಡಿದೆ. ಔಷಧಿ ಕೊಡುವ ಕಿಟಕಿಯ ಹುಡುಗಿಯರಿಂದ ಹಿಡಿದು ಡಾಕ್ಟರರವರೆಗೆ ಎಲ್ಲರೂ ಓದಿದ್ದಾರೆ. ದೊಡ್ಡ ಡಾಕ್ಟರ್ ತೋಟಕ್ಕೇ ಬಂದು "ಅದು ನೀವೇನಾ?" ಅಂತ ಬಹುವಚನದಲ್ಲಿ ಕೇಳಿದರು. ಅಲ್ಲ ಅನ್ನೋಣ ಅಂತ ನಾಲಗೆ ತುದಿಗೆ ಬಂದಿತ್ತು. ಹೌದು ಅಂದೆ. ಸಂತೋಷ ಆಗಬೇಕಿತ್ತು. ನಾಚಿಕೆಯಾಯಿತು. ಯಾಕೆ ಅಂತ ಹೇಳದೆ ಇರಲು ಹದಿನೈದು ದಿನ ನೋಡಿದೆ, ಆಗಲಿಲ್ಲ.

ನಿಮ್ಮ ಅಂಕಣವನ್ನು ನಾನು ಒಂದು ವಾರವೂ ಬಿಟ್ಟಿಲ್ಲ. ಹೊರರೋಗಿಗಳ ಬೆಂಚಿನ ಮೇಲೆ ಯಾರಾದರೂ ಬಿಟ್ಟುಹೋಗಿರುತ್ತಾರೆ, ತಂದು ಓದುತ್ತೇನೆ. ನೀವು ತಪ್ಪು ಬರೆಯುವುದನ್ನು ನಾಲ್ಕು ವರ್ಷ ನೋಡಿದ್ದೇನೆ. ಡಿಸೆಂಬರಿನ ನಿಂಬೆಗಿಡದ ಉತ್ತರವನ್ನೂ ಅಚ್ಚಾದ ವಾರವೇ ಓದಿದೆ. ಡ್ರಮ್ಮಿನ ಗಿಡಕ್ಕೆ ವಾರಕ್ಕೆ ಎರಡು ಚಮಚ! ಈ ಗಿಡ ಉಳಿಯಲ್ಲ ಅಂತ ಆಗಲೇ ಗೊತ್ತಾಯಿತು. ಒಂದು ಕಾರ್ಡ್ ಬರೆದು ಹಾಕಿದ್ದರೆ ಎರಡನೇ ವಾರದ ಚಮಚ ಬೀಳುವ ಮುಂಚೆ ನಿಮಗೆ ಸಿಗುತ್ತಿತ್ತು. ಹಾಕಲಿಲ್ಲ. ಆಗಲಿ, ಬುದ್ಧಿ ಬರಲಿ ಅಂದುಕೊಂಡೆ. ಒಳಗೊಳಗೇ ಖುಷಿಪಟ್ಟೆ ಅತ್ತಿಗೆ. ಆ ಡ್ರಮ್ಮಿಗೆ ದಿನಾ ಬಕೆಟ್ ಹೊರುವ ಒಂದು ಜೀವ ಇದೆ ಅನ್ನುವುದು ನನ್ನ ತಲೆಗೇ ಬರಲಿಲ್ಲ.

ಕಾಗದದ ಚಮಚ ನೋಡಿದ ದಿನ ಅದು ತಲೆಗೆ ಬಂತು. ಅದಕ್ಕೇ ಹೋದೆ. ಗೋಡೆ ಮೇಲೆ ಆ ಚೂರು ನೋಡಿದಾಗ ಅದರ ಕೆಳಗೆ ನನ್ನ ಹೆಸರೂ ಇರಬೇಕಿತ್ತು ಅನ್ನಿಸಿತು. ಎಂಟು ವರ್ಷದ ಗಿಡವನ್ನು ಅರ್ಧ ಕಡಿಯುವಾಗ ಟೈಲರಮ್ಮ ಅತ್ತರು. ಹೊರಡುವಾಗ "ನಿಮ್ಮ ಚಮಚದಲ್ಲಿ ಏನೂ ತಪ್ಪಿಲ್ಲ" ಅಂದೆ. ಯಾರದು ತಪ್ಪು ಅಂತ ಹೇಳುವ ಧೈರ್ಯ ಬರಲಿಲ್ಲ.

ಮಾಲಿ ಅಂತ ಹೇಳಿಕೊಂಡದ್ದು ನಿಮ್ಮ ಮಾನ ಉಳಿಸಲಿಕ್ಕೆ ಅಂತ ತಿಳಿದಿದ್ದರೆ, ಅಲ್ಲ. ಆ ತಾಯಿ ನಿಮಗೆ ಬರೆಯುತ್ತಾರೆ, ಓದಿ ನಿಮಗೆ ಚುಚ್ಚಲಿ ಅಂತಲೇ ಹೇಳಿದ್ದು. ಹೇಳುವಾಗ ಹಿತವಾಗಿತ್ತು. ಬಸ್ಸಿನಲ್ಲಿ ಕೂತ ಮೇಲೆ ಬೇಡವಾಗಿತ್ತು ಅನ್ನಿಸಿತು.

ಕಳೆದ ಭಾನುವಾರ ಮತ್ತೆ ಅಲ್ಲಿಗೆ ಹೋಗಿ ಡಿಸೆಂಬರಿನ ಕಥೆಯನ್ನೆಲ್ಲ ಟೈಲರಮ್ಮನಿಗೆ ಹೇಳಿದೆ. ಹೊಲಿಗೆ ಯಂತ್ರ ಓಡಿಸುತ್ತಲೇ ಇದ್ದರು. ಆಮೇಲೆ "ತಾರಸಿಗೆ ಬನ್ನಿ" ಅಂದರು. ಬುಡದಿಂದ ಗೇಣೆತ್ತರದಲ್ಲಿ ಒಂದು ಚಿಗುರು ಬಂದಿದೆ. ಅಕ್ಕಿಕಾಳಿನಷ್ಟು. ಉಳಿಯುತ್ತೆ ಅಂತ ಈಗಲೇ ಹೇಳಲ್ಲ. ಗೋಡೆ ಮೇಲಿನ ಚೂರನ್ನು ಅವರು ಕಿತ್ತಿಲ್ಲ. ಅದರ ಪಕ್ಕದಲ್ಲೇ ನಿಮ್ಮ ಕೊನೇ ಅಂಕಣವನ್ನೂ ಅಂಟಿಸಿದ್ದಾರೆ.

ಅಂಕಣ ನಿಲ್ಲಿಸಿದ್ದೀರಂತೆ. ಬಂದ ಕಾಗದಗಳೇನಾದವು? ಜನ ಪಾಪ ಉತ್ತರಕ್ಕೆ ಕಾದಿರುತ್ತಾರೆ. ಅಚ್ಚಿಗೆ ಬೇಡ, ಒಬ್ಬೊಬ್ಬರಿಗೂ ಕಾರ್ಡ್ ಬರೆಯೋಣ. ಯೂರಿಯಾ ಹಾಕಿದವರನ್ನೆಲ್ಲ ಹುಡುಕಿ ಬರೆಯೋಣ. ಓದಲು, ಬರೆಯಲು ನಿಮ್ಮಷ್ಟು ನನಗೆ ಬರಲ್ಲ.

ಈ ಭಾನುವಾರ ಬರುತ್ತೇನೆ. ಬೆಳಿಗ್ಗೆ ಆಸ್ಪತ್ರೆಯಲ್ಲಿ ಪಾತಿ ಮಾಡುವ ಕೆಲಸ ಇದೆ, ಕಾಲು ಮಣ್ಣಾಗಿಯೇ ಇರುತ್ತೆ. ಒಳಗೆ ಒಂದು ಕುರ್ಚಿ ಹಾಕಿಡಿ.

ನಿಮ್ಮ ಮೈದುನ,
ಸಣ್ಣು